ಪರಸ್ಥಳದ ಆಶ್ರಮಗಳಲ್ಲಿ ನಮ್ಮ ಹಿರಿಯರು

(ಶೇಗಾಂವದಲ್ಲಿ ನಡೆದ ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತು ಆಡಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಬರೆದಾಗ, ಗಡಿಭಾಗದ ಕನ್ನಡಿಗರ ಸಭೆಗಳಲ್ಲಿ ನಾವೆಲ್ಲರೂ ವಾಡಿಕೆಯಾಗಿ ಆಡುವ ಮಾತುಗಳೆ ನನಗೂ ಮೊದಲು ನೆನಪಾದವು. ಕನ್ನಡ ಶಾಲೆಗಳ ಸ್ಥಿತಿ, ಶಿಕ್ಷಕರ ಕೊರತೆ, ೧೯೬೭ರ ಮಹಾಜನ ಆಯೋಗದ ವರದಿ, ಎರಡು ರಾಜ್ಯಗಳ ನಡುವೆ ನಮ್ಮ ತಾಲೂಕಿನ ಹೆಸರು ಆಗಾಗ ಏಳುವ ಬಗೆ, ಇವೆಲ್ಲವೂ ಆಡತಕ್ಕ ಮಾತುಗಳೆ. ಅವನ್ನು ನನಗಿಂತ ಚೆನ್ನಾಗಿ ಆಡಬಲ್ಲವರು ಈ ವೇದಿಕೆಯ ಮೇಲೆಯೆ ಇದ್ದಾರೆ. ಆದಕಾರಣ ಇಂದು ಭಾಷಣಗಳಲ್ಲಿ ಸಾಮಾನ್ಯವಾಗಿ ಬಾರದ ಒಂದು ವಿಷಯವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ನಾವು ಮಕ್ಕಳ ಕನ್ನಡವನ್ನು ಕುರಿತು ಪ್ರತಿ ವರ್ಷವೂ ಚಿಂತಿಸುತ್ತೇವೆ. ಆದರೆ ನಮ್ಮ ಮುದುಕರ ಕನ್ನಡವನ್ನು ಕುರಿತು ಯಾರು ಚಿಂತಿಸಿದ್ದಾರೆ? ಮನೆಯಿಂದ ದೂರವಾಗಿ, ಪರಸ್ಥಳದ ಆಶ್ರಮದಲ್ಲಿಯೊ ಶುಶ್ರೂಷಾಲಯದಲ್ಲಿಯೊ ಮಲಗಿದ ತಾಯಿ ನೀರು ಬೇಡಿದರೆ, ಅದನ್ನು ತಿಳಿಯುವವರು ಅಲ್ಲಿ ಇದ್ದಾರೆಯೆ?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವೆನು. ನರ್ಸಿಂಗ್ ಹೋಮ್ ಎಂದರೆ ನಮ್ಮಲ್ಲಿ ಚಿಕ್ಕ ಖಾಸಗಿ ದವಾಖಾನೆ ಎಂದೇ ರೂಢಿ. ಪಾಶ್ಚಾತ್ಯ ದೇಶಗಳಲ್ಲಿ ಆ ಹೆಸರು ತಮ್ಮ ಕೆಲಸವನ್ನು ತಾವು ಮಾಡಿಕೊಳ್ಳಲಾರದ ವೃದ್ಧರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಮನೆಗೆ ಸಲ್ಲುತ್ತದೆ. ಅಂಥ ಮನೆಗಳು ಈಗ ನಮ್ಮ ಪಟ್ಟಣಗಳಲ್ಲಿಯೂ ಎದ್ದಿವೆ. ಕೆಲವು ವೃದ್ಧಾಶ್ರಮಗಳೆನಿಸಿಕೊಳ್ಳುತ್ತವೆ; ಕೆಲವು ಆರೈಕೆ ಕೇಂದ್ರಗಳೆನಿಸಿಕೊಳ್ಳುತ್ತವೆ. ನಾನು ಇಂದು ಮಾತನಾಡುವುದು ಇವೆಲ್ಲವನ್ನೂ ಕೂಡಿಸಿಯೆ.

ಹೆತ್ತವರನ್ನು ಅಲ್ಲಿಡುವವರೆಲ್ಲ ಕೆಟ್ಟ ಮಕ್ಕಳೆಂದು ಹೇಳಲು ನಾನು ಬಂದಿಲ್ಲ. ನಮ್ಮದು ಮಳೆಗೆ ಬಾಯ್ದೆರೆದ ನಾಡು. ೧೯೭೨ರ ಬರಗಾಲದಲ್ಲಿ ಸರಕಾರ ತೆಗೆದ ಕಾಮಗಾರಿಗಳ ಮೇಲೆ ಕಲ್ಲು ಒಡೆದು, ಮಣ್ಣು ಹೊತ್ತು ಮಕ್ಕಳನ್ನು ಬದುಕಿಸಿದವರು ನಮ್ಮ ಹಿರಿಯರು. ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಅವರು ಬದುಕಿಸಿದ ಮಕ್ಕಳು ಅನ್ನವನ್ನು ಅರಸಿಕೊಂಡು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಹೋದರು. ಅಲ್ಲಿ ಎರಡು ಕೋಣೆಯ ಮನೆ, ಗಂಡಹೆಂಡಿರಿಬ್ಬರಿಗೂ ದುಡಿಮೆ. ತಾಯಿಗೆ ಪಾರ್ಶ್ವವಾಯು ಬಡಿದರೆ, ತಂದೆಗೆ ಮರೆವಿನ ರೋಗ ಹತ್ತಿದರೆ, ಹಗಲಿರುಳು ಹತ್ತಿರ ಕೂಡುವವರು ಯಾರು? ಊರಲ್ಲಿ ಉಳಿದವರು ಕಡಿಮೆ, ಉಳಿದವರೂ ಮುದುಕರೆ. ೨೦೧೧ರ ಜನಗಣತಿಯ ಹೊತ್ತಿಗೆ ಭಾರತದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದರು. ಇಷ್ಟು ದೊಡ್ಡ ಸಂಖ್ಯೆಯ ವೃದ್ಧರನ್ನು ಚಿಕ್ಕದಾಗುತ್ತ ಬಂದ ಮನೆಗಳು ಮಾತ್ರ ತಾಳಿಕೊಳ್ಳಲಾರವು. ಆಶ್ರಮದಲ್ಲಿಡುವುದು ದೋಷವಲ್ಲ, ಇಟ್ಟು ಮರೆಯುವುದು ದೋಷ. ಈ ಎರಡರ ನಡುವಿನ ಅಂತರವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ತಪ್ಪಿನಿಂದಲೆ ಕಲಿತೆ. ಅದನ್ನು ತಮ್ಮ ಮುಂದೆ ಒಪ್ಪಿಸುವುದು ನನ್ನ ಕರ್ತವ್ಯ.

ನನ್ನ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನನ್ನನ್ನು ಬೆಳೆಸಿದವಳು ಅವಳೆ. ಜತ್ತ ಸಂಸ್ಥಾನವಿದ್ದಾಗ ಹುಟ್ಟಿದವಳು. ೧೯೪೮ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಕ್ಷಿಣ ಸಾತಾರೆ ಎಂಬ ಜಿಲ್ಲೆ ಹುಟ್ಟಿ, ೧೯೬೦ರಲ್ಲಿ ಸಾಂಗಲಿಯಾಯಿತು. ಅದೆ ವರ್ಷ ಮಹಾರಾಷ್ಟ್ರ ರಾಜ್ಯವಾಯಿತು. ಮನೆಯ ಹೊಸ್ತಿಲನ್ನು ದಾಟದೆಯೆ ಅವಳು ಇಷ್ಟೆಲ್ಲ ಬದಲಾವಣೆಗಳನ್ನು ಕಂಡಳು. ಆಳುವವರು ಬದಲಾದರು, ಅವಳ ನಾಲಗೆ ಬದಲಾಗಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಮರಾಠಿ ಅವಳಿಗೆ ಬರುತ್ತಿತ್ತು. ಮುಪ್ಪಿನಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿಯಿತು. ಪಟ್ಟಣದಲ್ಲಿ ಶಸ್ತ್ರಕ್ರಿಯೆಯಾದ ಮೇಲೆ, ಎದ್ದು ಓಡಾಡುವತನಕ ಎಂದು ಅಲ್ಲಿಯದೆ ಒಂದು ಆರೈಕೆಯ ಮನೆಯಲ್ಲಿ ಅವಳನ್ನು ಇಟ್ಟೆ. ನೆಲ ಥಳಥಳಿಸುತ್ತಿತ್ತು, ಗೋಡೆಗೆ ದೇವರ ಪಟವಿತ್ತು, ನನ್ನ ಮನಸ್ಸಿಗೆ ಸಮಾಧಾನವಾಯಿತು. ಪ್ರತಿ ತಿಂಗಳ ಮೊದಲನೆಯ ತಾರೀಖಿಗೆ ಹಣ ಕಳಿಸಿದೆ. ವಾರಕ್ಕೊಮ್ಮೆ ಫೋನು ಮಾಡಿದೆ. ಅಜ್ಜಿ ಚೆನ್ನಾಗಿದ್ದಾಳೆಂಬ ಉತ್ತರ ಬರುತ್ತಿತ್ತು. ಕರ್ತವ್ಯ ತೀರಿತೆಂದು ನಂಬಿದೆ. ಹೀಗೆ ನಾಲ್ಕು ತಿಂಗಳು ಕಳೆದವು.

ನಾಲ್ಕು ತಿಂಗಳ ಮೇಲೆ ಹೇಳದೆ ಕೇಳದೆ ಒಂದು ಸಂಜೆ ಹೋದೆ. ದೊಡ್ಡಮ್ಮ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ತುಟಿ ಒಡೆದಿತ್ತು, ನಾಲಗೆ ಒಣಗಿತ್ತು. ಮೆಲ್ಲಗೆ ಏನನ್ನೊ ಹೇಳುತ್ತಿದ್ದಳು. ಅಲ್ಲಿದ್ದ ಆರೈಕೆಯ ಹುಡುಗಿಯನ್ನು ಕೇಳಿದೆ. "ಅಜ್ಜಿ ಹಗಲೂ ರಾತ್ರಿ ಅದನ್ನೆ ಹೇಳುತ್ತಾರೆ, ದೇವರ ನಾಮವಿರಬೇಕು" ಎಂದು ಅವಳು ಮರಾಠಿಯಲ್ಲಿ ಹೇಳಿದಳು. ನಾನು ಬಾಗಿ ಕಿವಿಗೊಟ್ಟೆ. ದೊಡ್ಡಮ್ಮ ಹೇಳುತ್ತಿದ್ದುದು, "ನೀರಡಿಸೇತಿ" ಎಂದು.

ಆಮೇಲೆ ಹೊದಿಕೆಯನ್ನು ಸರಿಸಿ ನೋಡಿದೆ. ಹಿಮ್ಮಡಿಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಕರಿಯ ಗಾಯ. ಅದರ ಮೇಲೆ ಕಾಲುಚೀಲ. ನನ್ನ ಕೋಪ ಆ ಹುಡುಗಿಯ ಮೇಲೆ ತಿರುಗಿತು. ಆಕೆ ಅಳುತ್ತ ಹೇಳಿದ ಮಾತು ಇದು: ರಾತ್ರಿಯ ಪಾಳಿಯಲ್ಲಿ ಹದಿನಾಲ್ಕು ಹಾಸಿಗೆಗಳಿಗೆ ತಾನೊಬ್ಬಳೆ. ಆಕೆಯ ಸಂಬಳವನ್ನು ಕೇಳಿದಾಗ, ನಾನು ಕೊಡುತ್ತಿದ್ದ ಹಣದ ಅಲ್ಪಭಾಗವೂ ಆಕೆಯನ್ನು ಮುಟ್ಟುತ್ತಿರಲಿಲ್ಲವೆಂದು ತಿಳಿಯಿತು. ಅಲ್ಲಿಯ ತಪ್ಪು ತಪ್ಪೆ. ಅದನ್ನು ನಾನು ಮನ್ನಿಸಲಿಲ್ಲ, ಬರೆದು ಕೊಟ್ಟು ಸರಿಪಡಿಸಿಕೊಂಡೆ. ಆದರೆ ಆ ರಾತ್ರಿ ನನಗೆ ನಿದ್ದೆ ಬಾರದೆ ಹೋದದ್ದು ಅವರ ತಪ್ಪಿನಿಂದಲ್ಲ. ಗಾಯ ಒಂದು ದಿನದಲ್ಲಿ ಆದುದಲ್ಲ. ಹದಿನೈದು ದಿನ ಮೊದಲು ಯಾರಾದರೂ ಬಂದು ಹೊದಿಕೆ ಸರಿಸಿ ನೋಡಿದ್ದರೆ, ಕನ್ನಡದಲ್ಲಿ ಒಂದು ಮಾತು ಕೇಳಿದ್ದರೆ, ಅದು ಅಷ್ಟಕ್ಕೆ ಹೋಗುತ್ತಿರಲಿಲ್ಲ. ಆ ಯಾರಾದರೂ ನಾನೆ ಆಗಬೇಕಾಗಿತ್ತು.

ಇದು ನನ್ನೊಬ್ಬನ ಕತೆಯಾಗಿದ್ದರೆ ಸಭೆಯಲ್ಲಿ ಹೇಳುತ್ತಿರಲಿಲ್ಲ. ೨೦೨೫ರ ಮಾರ್ಚಿಯಲ್ಲಿ ಬೆಳಗಾವಿಯಿಂದ ಬಂದ ವರದಿಯನ್ನು ತಾವು ಓದಿರಬಹುದು. ಬೆಳಗಾವಿಯ ಸರಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯೊಂದರಲ್ಲಿಯೆ ೧೫೦ಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಚಿಕಿತ್ಸೆಗೆಂದು ತಂದು ಬಿಟ್ಟುಹೋದರೆಂದೂ, ರಾಜ್ಯದ ಇತರ ವೈದ್ಯಕೀಯ ಸಂಸ್ಥೆಗಳಲ್ಲಿ ಅಂಥ ಇನ್ನೂ ನೂರಕ್ಕೂ ಮಿಕ್ಕ ಪ್ರಕರಣಗಳು ಕಂಡುಬಂದವೆಂದೂ ಆಗ ತಿಳಿದುಬಂದಿತು. ಕರ್ನಾಟಕದ ವೈದ್ಯಕೀಯ ಶಿಕ್ಷಣ ಸಚಿವರಾದ ಡಾ. ಶರಣಪ್ರಕಾಶ ಪಾಟೀಲರು, ಹೀಗೆ ಬಿಟ್ಟುಹೋದ ಮಕ್ಕಳ ಹೆಸರಿಗೆ ಆದ ಆಸ್ತಿಯ ವರ್ಗಾವಣೆಯನ್ನು ರದ್ದುಪಡಿಸಲು ಕ್ರಮ ಕೈಕೊಳ್ಳಬೇಕೆಂದು ಅಧಿಕಾರಿಗಳಿಗೆ ಸೂಚಿಸಿದರು. ಬೆಳಗಾವಿ ನಮಗೆ ಪರನಾಡಲ್ಲ. ಆ ಹಾಸಿಗೆಗಳ ಮೇಲೆ ಇದ್ದವರು ನಮ್ಮ ಮಾತನ್ನೆ ಆಡುವವರು.

ಸಿರಿವಂತ ದೇಶಗಳಲ್ಲಿ ಹೀಗಾಗದೆಂದು ತಿಳಿಯುವುದೂ ತಪ್ಪು. ಆಸ್ಟ್ರೇಲಿಯ ದೇಶವು ತನ್ನ ವೃದ್ಧರ ಆರೈಕೆಯ ಮನೆಗಳನ್ನು ಪರೀಕ್ಷಿಸಲು ೨೦೧೮ರಲ್ಲಿ ಒಂದು ರಾಯಲ್ ಆಯೋಗವನ್ನು ನೇಮಿಸಿತು. ಮರುವರ್ಷ ಆಯೋಗ ಹೊರಡಿಸಿದ ಮಧ್ಯಂತರ ವರದಿಗೆ ಇಟ್ಟ ಹೆಸರು ಒಂದೇ ಶಬ್ದ: ನಿರ್ಲಕ್ಷ್ಯ. ೨೦೨೧ರ ಅಂತಿಮ ವರದಿಯಲ್ಲಿ ೧೪೮ ಶಿಫಾರಸುಗಳಿದ್ದವು. ಸಂಸ್ಥೆಗಳಲ್ಲಿ ಕೆಲಸ ಮಾಡುವ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ವೃದ್ಧರೊಡನೆ ಯಾವುದಾದರೊಂದು ಬಗೆಯಲ್ಲಿ ತಪ್ಪಾಗಿ ನಡೆದುಕೊಂಡುದನ್ನು ತಾವೆ ಒಪ್ಪಿಕೊಂಡಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇವರೆಲ್ಲ ಕ್ರೂರಿಗಳೆ? ಅಲ್ಲ. ಕೈ ಕಡಿಮೆ, ಕೆಲಸ ಹೆಚ್ಚು, ಕೇಳುವವರಿಲ್ಲ: ಈ ಮೂರು ಕೂಡಿದಲ್ಲಿ ಒಳ್ಳೆಯವರ ಕೈಯೂ ಸಡಿಲಾಗುತ್ತದೆ. ಮೊದಲಿನ ಎರಡನ್ನು ಸರಿಪಡಿಸಲು ಸರಕಾರ ಬೇಕು, ಶಾಸನ ಬೇಕು. ಮೂರನೆಯದನ್ನು ಸರಿಪಡಿಸುವುದು ನಮ್ಮ ಕೈಯಲ್ಲಿದೆ.

ಹಾಗಾದರೆ ನೋಡಲು ಹೋದವರು ಏನನ್ನು ನೋಡಬೇಕು? ನಾವು ಹೋದರೆ ಹಣ್ಣಿನ ಚೀಲವನ್ನು ತಲೆದೆಸೆಗಿಟ್ಟು, ಗಳಿಗೆ ಹೊತ್ತು ಕುಳಿತು, ಬಸ್ಸಿನ ವೇಳೆಯಾಯಿತೆಂದು ಏಳುತ್ತೇವೆ. ಅದು ಭೇಟಿಯೆ ಹೊರತು ನೋಡಿದಂತಾಗಲಿಲ್ಲ.

ಮೊದಲನೆಯದು ಚರ್ಮ. ಮಗ್ಗುಲಾಗಲಾರದವರ ದೇಹದ ಭಾರ ಒಂದೇ ಕಡೆಗೆ ಬಿದ್ದರೆ, ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯತೊಡಗುತ್ತದೆ. ಹಿಮ್ಮಡಿ, ಸೊಂಟದ ಹಿಂಭಾಗ, ಚಪ್ಪೆ, ಮೊಣಕೈ, ಇವು ನೋಡತಕ್ಕ ಸ್ಥಳಗಳು. ಕೆಂಪಾದ ಭಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚದಿದ್ದರೆ ಅದು ಗಾಯದ ಮೊದಲ ಹೆಜ್ಜೆ. ನಮ್ಮಂಥ ಕಪ್ಪು ಮೈಯವರಲ್ಲಿ ಕೆಂಪು ತೋರದಿರಬಹುದು. ಸುತ್ತಲಿನದಕ್ಕಿಂತ ಕಂದಿದ, ಬಿಸಿಯಾದ, ಗಟ್ಟಿಯಾದ ಚರ್ಮವನ್ನು ಕೈಮುಟ್ಟಿ ಅರಿಯಬೇಕು. ತಾವೆ ಹೊರಳಲಾರದವರನ್ನು ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ದಾದಿಯರ ಶಾಸ್ತ್ರದ ಹಳೆಯ ನಿಯಮ. ಕೊನೆಯ ಸಲ ಮಗ್ಗುಲು ಬದಲಿಸಿದ್ದು ಯಾವಾಗ, ಅದನ್ನು ಎಲ್ಲಿ ಬರೆದಿದ್ದೀರಿ ಎಂದು ಕೇಳುವ ಹಕ್ಕು ನಮಗಿದೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಗಂಡದ ಕೆಳಗೆ ದಿಂಬನ್ನಿಡುವುದು ಖರ್ಚಿನ ಕೆಲಸವಲ್ಲ.

ಎರಡನೆಯದು ನೀರು. ಮುಪ್ಪಿನಲ್ಲಿ ನೀರಡಿಕೆಯ ಅರಿವೆ ಕಡಿಮೆಯಾಗುತ್ತದೆ. ಹಾಸಿಗೆ ತೊಯ್ದೀತೆಂಬ ನಾಚಿಕೆಯಿಂದ ಎಷ್ಟೋ ತಾಯಂದಿರು ಬೇಕೆಂದೆ ನೀರು ಬಿಡುತ್ತಾರೆ. ಲೋಟ ತುಂಬಿದೆಯೆಂದು ನಂಬಬೇಡಿರಿ. ಅದು ಅವರ ಕೈಗೆ ನಿಲುಕುತ್ತದೆಯೆ ನೋಡಿರಿ. ಒಣಗಿದ ನಾಲಗೆ, ಕಡು ಬಣ್ಣದ ಮೂತ್ರ, ಒಮ್ಮೆಲೆ ಬಂದ ಮಂಕು, ಇವು ನೀರಿನ ಕೊರತೆಯ ಗುರುತುಗಳಿರಬಹುದು. ವಯಸ್ಸಾಯಿತು, ಬುದ್ಧಿ ಕೆಟ್ಟಿತು ಎಂದು ತಳ್ಳಿಹಾಕುವ ಮೊದಲು ವೈದ್ಯರನ್ನು ಕರೆಸಿರಿ.

ಮೂರನೆಯದು ನಿದ್ದೆ. ಯಾವಾಗ ಹೋದರೂ ನಿದ್ದೆಯಲ್ಲಿದ್ದರೆ, ಯಾವ ಔಷಧ, ಯಾರು ಬರೆದುಕೊಟ್ಟದ್ದು, ಯಾವ ರೋಗಕ್ಕಾಗಿ, ಎಷ್ಟು ದಿನ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಕೂಗಾಡುವವರನ್ನು ಸುಮ್ಮನಿರಿಸಲು ಔಷಧ ಕೊಡುವ, ಎದ್ದು ಹೋಗುವವರನ್ನು ಕಟ್ಟಿಹಾಕುವ ಚಾಳಿ ಎಲ್ಲ ದೇಶಗಳಲ್ಲಿಯೂ ಇತ್ತು. ಕೆಲಸಗಾರರ ಅನುಕೂಲಕ್ಕಾಗಿ ಹೀಗೆ ಮಾಡಕೂಡದೆಂದು ಅಮೇರಿಕವು ೧೯೮೭ರಲ್ಲಿ ಶಾಸನವನ್ನೆ ಮಾಡಬೇಕಾಯಿತು.

ನಾಲ್ಕನೆಯದು ಚಿಕ್ಕ ಸಾಮಾನುಗಳು. ಕನ್ನಡಕ, ಹಲ್ಲಿನ ಕಟ್ಟು, ಕಿವಿಯ ಯಂತ್ರ, ಊರುಗೋಲು ಇವು ಹಾಸಿಗೆಯ ಹತ್ತಿರ ಇವೆಯೆ? ಹಲ್ಲಿನ ಕಟ್ಟು ಕಳೆದರೆ ಊಟ ಕಳೆಯಿತು. ಕಿವಿಯ ಯಂತ್ರ ಕಳೆದರೆ ಲೋಕವೆ ಕಳೆಯಿತು. ತಿಂಗಳಿಗೊಮ್ಮೆ ತೂಕ ನೋಡಿದ್ದಾರೆಯೆ ಎಂದು ಕೇಳಿರಿ. ತಮಗೆ ಗೊತ್ತಿಲ್ಲದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಸಿಕೊಳ್ಳದಂತೆ ತಿಳಿಸಿರಿ.

ಹೋಗುವ ವೇಳೆಯನ್ನು ಪ್ರತಿ ಸಲವೂ ಬದಲಿಸಿರಿ: ಒಮ್ಮೆ ಊಟದ ಹೊತ್ತು, ಒಮ್ಮೆ ನಸುಕು, ಒಮ್ಮೆ ದೀಪ ಹಚ್ಚಿದ ಮೇಲೆ. ಹಣ ಕಟ್ಟುವ ಮೊದಲೆ ಕೇಳಬೇಕಾದ ಮಾತುಗಳೂ ಇವೆ. ರಾತ್ರಿ ಎಷ್ಟು ಹಾಸಿಗೆಗೆ ಎಷ್ಟು ಜನ? ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ರೋಗ ಉಲ್ಬಣಿಸಿದರೆ ಯಾವ ಆಸ್ಪತ್ರೆಗೆ, ಯಾರ ಖರ್ಚಿನಿಂದ? ಹೇಳದೆ ಬಂದರೆ ಒಳಗೆ ಬಿಡುತ್ತಾರೆಯೆ? ಕೊನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ, ಆ ಬಾಗಿಲಿನಿಂದಲೆ ತಿರುಗಿ ಬರುವುದು ಒಳ್ಳೆಯದು. ಆರೈಕೆ ಮಾಡುವ ಹುಡುಗಿಯ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ. ಆಕೆಯ ಮನೆಯ ಕ್ಷೇಮವನ್ನೂ ಕೇಳಿರಿ. ಆಕೆಯೂ ಬಡವರ ಮಗಳು. ಹಾಸಿಗೆಯಲ್ಲಿರುವವರ ಹಿಂದೆ ಮನುಷ್ಯರಿದ್ದಾರೆಂದು ಆಕೆಗೆ ತಿಳಿಯಬೇಕು. ಆಕೆಯನ್ನೂ ಮನುಷ್ಯಳೆಂದು ನಾವು ತಿಳಿದಿದ್ದೇವೆಂಬುದೂ ತಿಳಿಯಬೇಕು.

ಇನ್ನು ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇನೆ. ಎರಡು ಮೂರು ಭಾಷೆ ಬಲ್ಲವರಿಗೆ ಮರೆವಿನ ರೋಗ ಬಂದಾಗ ಆಮೇಲೆ ಕಲಿತ ಭಾಷೆ ಮೊದಲು ಜಾರುವುದೂ, ತೊಟ್ಟಿಲಿನ ಭಾಷೆ ಕೊನೆಯವರೆಗೆ ಉಳಿಯುವುದೂ ಬಹು ಸಾರೆ ಕಂಡುಬಂದಿದೆ. ಗಡಿಯಲ್ಲಿರುವ ನಮಗೆ ಇದರ ಅರ್ಥವೇನು? ಬದುಕಿನುದ್ದಕ್ಕೂ ಮರಾಠಿಯಲ್ಲಿ ವ್ಯವಹಾರ ಮಾಡಿದ ತಂದೆ, ಹಾಸಿಗೆ ಹಿಡಿದ ಮೇಲೆ ಕನ್ನಡಕ್ಕೆ ಮರಳಬಹುದು. ಆ ಹೊತ್ತಿಗೆ ಆತನ ಸುತ್ತ ಇರುವವರಿಗೆ ಕನ್ನಡ ಬಾರದು. ಆತ ನೋವೆನ್ನುತ್ತಾನೆ, ಗೊಣಗುತ್ತಾನೆಂದು ಬರೆದುಕೊಳ್ಳುತ್ತಾರೆ. ಬಹಿರ್ದೆಸೆಗೆ ಹೋಗಬೇಕೆನ್ನುತ್ತಾನೆ, ಹಟ ಮಾಡುತ್ತಾನೆಂದು ಗದರಿಸುತ್ತಾರೆ. ಇದರಲ್ಲಿ ಮರಾಠಿಯ ತಪ್ಪೇನೂ ಇಲ್ಲ. ಕರ್ನಾಟಕದ ಆಸ್ಪತ್ರೆಯಲ್ಲಿ ಮಲಗಿದ ಮರಾಠಿ ಅಜ್ಜಿಗೂ ಇದೆ ಗತಿ. ನೆರೆಹೊರೆಯ ಭಾಷೆಗಳಲ್ಲಿ ಜಗಳವನ್ನು ಹುಡುಕುವ ಕಾಲ ಇದಲ್ಲ. ಒಬ್ಬರ ಅಜ್ಜಿಗೆ ಇನ್ನೊಬ್ಬರು ದುಭಾಷಿಗಳಾಗುವ ಕಾಲ.

ದೊಡ್ಡಮ್ಮನ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಅವಳನ್ನು ಅಲ್ಲಿಂದ ತೆಗೆಯಬೇಕೆಂದಿದ್ದೆ, ಆಗಲಿಲ್ಲ. ಅದರ ಬದಲು ಒಂದು ಹಾಳೆಯ ಮೇಲೆ ಹನ್ನೆರಡು ಕನ್ನಡ ಮಾತುಗಳನ್ನು ನಾಗರಿ ಅಕ್ಷರಗಳಲ್ಲಿ ಬರೆದು, ಎದುರಿಗೆ ಮರಾಠಿಯ ಅರ್ಥವನ್ನು ಬರೆದು, ತಲೆದೆಸೆಯ ಗೋಡೆಗೆ ಅಂಟಿಸಿದೆ. ನೀರಡಿಕೆ, ಹಸಿವು, ನೋವು, ಚಳಿ, ಸೆಕೆ, ತಲೆ ತಿರುಗುವುದು, ಮಗ್ಗುಲು ಹೊರಳಿಸು, ಎಬ್ಬಿಸಿ ಕೂಡಿಸು, ಹೊರಗೆ ಹೋಗಬೇಕು, ಹೊದಿಸು, ಸಾಕು, ಯಾರನ್ನಾದರೂ ಕರೆ. ಇಷ್ಟೆ. ಆ ಹುಡುಗಿ ಒಂದು ವಾರದಲ್ಲಿ ಅವನ್ನು ಕಲಿತಳು. ಮರುವಾರ ತಾನಾಗಿ ಇನ್ನೊಂದು ಮಾತನ್ನು ಕೇಳಿದಳು. "ಹೆದರಬೇಡ" ಎನ್ನುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು. ನಾನು ಹೇಳಿಕೊಟ್ಟೆ. ಮರುವರ್ಷ ದೊಡ್ಡಮ್ಮ ತೀರಿಕೊಂಡಾಗ ನಾನು ತಲುಪಿದ್ದು ಒಂದು ತಾಸು ತಡವಾಗಿ. ಆ ಕೊನೆಯ ಹೊತ್ತಿನಲ್ಲಿ ಆ ಮಾತನ್ನು ಅವಳ ಕಿವಿಯಲ್ಲಿ ಹೇಳಿದವಳು ಆ ಮರಾಠಿ ಹುಡುಗಿಯೆ.

ಬಂಧುಗಳೆ, ಪ್ರೀತಿಯ ಜತೆಗೆ ಕಾಯದೆಯೂ ಗೊತ್ತಿರಬೇಕು. ೨೦೦೭ರಲ್ಲಿ ಕೇಂದ್ರ ಸರಕಾರವು ಮಾತಾಪಿತೃಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗೆ ಮತ್ತು ಕಲ್ಯಾಣಕ್ಕೆ ಒಂದು ಕಾಯದೆಯನ್ನು ಮಾಡಿದೆ. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಮಗನಿಂದ ಮಾತ್ರವಲ್ಲ, ಮಗಳಿಂದಲೂ ಪ್ರಾಪ್ತವಯಸ್ಕರಾದ ಮೊಮ್ಮಕ್ಕಳಿಂದಲೂ ಪೋಷಣೆಯನ್ನು ಕೇಳಬಹುದು. ಮಕ್ಕಳಿಲ್ಲದ ಹಿರಿಯರ ಹೊಣೆ, ಅವರ ಆಸ್ತಿಯನ್ನು ಅನುಭವಿಸುವ ಇಲ್ಲವೆ ಮುಂದೆ ಪಡೆಯುವ ಸಂಬಂಧಿಕರ ಮೇಲಿದೆ. ಅರ್ಜಿಯನ್ನು ಪ್ರಾಂತಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನ್ಯಾಯಾಧಿಕರಣಕ್ಕೆ ಕೊಡಬೇಕು. ವಕೀಲರನ್ನು ಹಿಡಿಯಲೇಬೇಕೆಂದಿಲ್ಲ. ವೃದ್ಧರಿಗೆ ತಾವಾಗಿ ಹೋಗುವುದು ಆಗದಿದ್ದರೆ ಅವರ ಒಪ್ಪಿಗೆ ಪಡೆದ ಬೇರೊಬ್ಬರು, ಸಂಸ್ಥೆಯೂ ಸಹ, ಅರ್ಜಿ ಕೊಡಬಹುದು. ಕಾಯದೆ ವಿಧಿಸಿದ ಮಿತಿ ತಿಂಗಳಿಗೆ ೧೦,೦೦೦ ರೂಪಾಯಿ. ಹಿರಿಯರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಅವರನ್ನು ತೀರ ಕೈಬಿಡುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ, ಮೂರು ತಿಂಗಳವರೆಗೆ ಸೆರೆ, ಇಲ್ಲವೆ ೫,೦೦೦ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಹೊಲಮನೆಗಳನ್ನು ಮಕ್ಕಳ ಹೆಸರಿಗೆ ಮಾಡಿಕೊಡುವ ಹಿರಿಯರಿಗೆ ಒಂದು ಎಚ್ಚರಿಕೆಯ ಮಾತು. ಈ ಕಾಯದೆಯ ೨೩ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಕರಾರಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಮರಳಿ ಪಡೆಯಬಹುದು. ಆ ಕರಾರು ಇತ್ತೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು ೨೦೨೨ರಲ್ಲಿ ಹೇಳಿತು. ೨೦೨೫ರ ಜನವರಿಯಲ್ಲಿ ಅದೆ ನ್ಯಾಯಾಲಯವು, ಈ ಕಾಯದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥಮಾಡಬೇಕೆಂದಿತು. ಇದರಿಂದ ಕಲಿಯತಕ್ಕದ್ದು ಸರಳವಾಗಿದೆ: ಮಗನ ಬಾಯಿಮಾತನ್ನು ನಂಬಿರಿ, ಆದರೆ ಪತ್ರದಲ್ಲಿ ಬರೆಯಿಸಿರಿ. ಉತಾರಿನಲ್ಲಿ ಹೆಸರು ಏರಿಸುವ ಮೊದಲು, ಅನ್ನ, ವಸ್ತ್ರ, ಔಷಧ, ಆರೈಕೆ ಕೊಡತಕ್ಕದ್ದೆಂಬ ಒಂದು ವಾಕ್ಯವನ್ನು ದಾನಪತ್ರದಲ್ಲಿ ಸೇರಿಸಿರಿ. ಒಳ್ಳೆಯ ಮಗನಿಗೆ ಅದರಿಂದ ಅವಮಾನವಿಲ್ಲ.

ಆಶ್ರಮದಲ್ಲಿಯೆ ತಪ್ಪು ಕಂಡರೆ ಕೂಗಾಡಿ ಬರಬೇಡಿರಿ. ತಾವು ಹೊರಟುಹೋದ ಮೇಲೆ ಆ ಸಿಟ್ಟನ್ನು ತಾಳಬೇಕಾದವರು ಹಾಸಿಗೆಯಲ್ಲಿರುವವರು. ತಾರೀಖು ಹಾಕಿ ಬರೆದು ಕೊಡಿರಿ, ಪ್ರತಿಯನ್ನು ಇಟ್ಟುಕೊಳ್ಳಿರಿ, ಗಾಯವಿದ್ದರೆ ಛಾಯಾಚಿತ್ರ ತೆಗೆಯಿರಿ. ಅಲ್ಲಿ ಕೇಳದಿದ್ದರೆ ಸಮಾಜ ಕಲ್ಯಾಣ ಅಧಿಕಾರಿಗಳಿದ್ದಾರೆ. ಹಿರಿಯರಿಗಾಗಿಯೆ ೨೦೨೧ರಲ್ಲಿ ದೇಶಕ್ಕೆಲ್ಲ ಆರಂಭವಾದ ಉಚಿತ ದೂರವಾಣಿಯ ಸಂಖ್ಯೆ ೧೪೫೬೭. ಇದನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿರಿ. ಜೀವಕ್ಕೆ ಅಪಾಯವಿದ್ದಲ್ಲಿ ಮಾತ್ರ ಕಾಗದಪತ್ರಗಳಿಗೆ ಕಾಯದೆ ಮೊದಲು ಆಸ್ಪತ್ರೆಗೆ ಸಾಗಿಸಿರಿ.

ಕೊನೆಯದಾಗಿ ಸಂಘದ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ. ಒಂದು, ನಾನು ಹೇಳಿದ ಹನ್ನೆರಡು ಮಾತುಗಳ ಹಾಳೆಯನ್ನು ಸಂಘವು ಅಚ್ಚು ಹಾಕಿಸಿ, ಬೇಡಿದ ಕುಟುಂಬಗಳಿಗೆ ಕೊಡಲಿ. ಕರ್ನಾಟಕದಲ್ಲಿರುವ ಮರಾಠಿ ಹಿರಿಯರಿಗಾಗಿ ಮರಾಠಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದ ಹಾಳೆಯೂ ಅದರ ಬೆನ್ನಿಗೇ ಇರಲಿ. ಎರಡು, ನಮ್ಮ ಊರುಗಳಿಂದ ಪರಸ್ಥಳದ ಆಶ್ರಮಗಳಲ್ಲಿರುವ ಹಿರಿಯರ ಪಟ್ಟಿಯನ್ನು ಮನೆಯವರ ಒಪ್ಪಿಗೆಯಿಂದ ಮಾಡೋಣ. ಮೀರಜ, ಸಾಂಗಲಿ, ಸೊಲ್ಲಾಪುರ, ಪುಣೆಗಳಿಗೆ ನಮ್ಮವರಲ್ಲಿ ಯಾರಾದರೂ ಪ್ರತಿ ವಾರ ಹೋಗಿಯೆ ಹೋಗುತ್ತಾರೆ. ಮಗಳು ಮುಂಬಯಿಯಲ್ಲಿದ್ದು ತಾಯಿ ಮೀರಜದಲ್ಲಿದ್ದರೆ, ದವಾಖಾನೆಗೆಂದು ಮೀರಜಕ್ಕೆ ಹೋದ ನೆರೆಯವನು ಅರ್ಧ ತಾಸು ಆ ತಾಯಿಯ ಬಳಿ ಕುಳಿತು ಬರಲಿ. ಮೂರು, ನಮ್ಮ ಕನ್ನಡ ಶಾಲೆಗಳ ಮಕ್ಕಳು ತಿಂಗಳಿಗೊಂದು ಕಾಗದವನ್ನು ಆ ಹಿರಿಯರಿಗೆ ಬರೆಯಲಿ. ಓದಿ ಹೇಳುವವರಿಲ್ಲದಿದ್ದರೂ ಚಿಂತೆಯಿಲ್ಲ. ಅಕ್ಷರ ಕಂಡರೆ ಸಾಕು, ಊರು ಕಂಡಂತೆ. ಪ್ರತಿ ತಿಂಗಳೂ ಕಾಗದ ಬರುವ ಹಾಸಿಗೆಯನ್ನು ನೋಡಿಕೊಳ್ಳುವವರೂ ಅಷ್ಟು ಸುಲಭವಾಗಿ ಮರೆಯಲಾರರು.

ನಮ್ಮ ತಾಲೂಕಿನ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಸನ್ನಿಧಾನವಿದೆ. ಹಸಿದು ಬಂದವರಿಗೆ ಅನ್ನವಿಡುವುದೆ ಪೂಜೆಯೆಂದು ತೋರಿಸಿದ ಆ ಶರಣೆಯ ದರ್ಶನಕ್ಕೆ ಛಟ್ಟಿ ಅಮಾವಾಸ್ಯೆಯಲ್ಲಿ ಎಷ್ಟು ದೂರದಿಂದ ಜನ ಕಾಲ್ನಡಿಗೆಯಿಂದ ಬರುತ್ತಾರೆಂಬುದನ್ನು ತಾವು ಬಲ್ಲಿರಿ. ಕಾಲು ಬೊಕ್ಕೆ ಬಂದರೂ ಹಿಂದೆಗೆಯದ ಜನ ನಾವು. ಅಂಥವರಿಗೆ ಒಂದು ಬಸ್ಸಿನ ದಾರಿ ದೂರವಾಗುವುದೆ? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಮಕ್ಕಳಿಗೆ ಗಾದೆ ಕಲಿಸುತ್ತೇವೆ. ಮುಂದಿನ ರವಿವಾರ ಆ ಮಕ್ಕಳನ್ನು ಕೈಹಿಡಿದು ಅಜ್ಜಿಯ ಹಾಸಿಗೆಯ ಬಳಿಗೆ ಕರೆದೊಯ್ಯಿರಿ. ಹೋದೊಡನೆ ಹಣ್ಣನ್ನು ಕೆಳಗಿಟ್ಟು, ಮೊದಲು ಒಂದು ಮಾತನ್ನು ಕನ್ನಡದಲ್ಲಿ ಕೇಳಿರಿ: ನೀರು ಬೇಕೆ?